ಗಿಳಿ ಅಂಟಿಸಿದ ಮಗು ‘ಗ’ ಗುರುತಿಸುತ್ತಿಲ್ಲ – ಪ್ರತಿಕ್ರಿಯೆ

ನಾಲ್ಕು ವರ್ಷದ ಮಗಳು ಕಾಗದದ ಗಿಳಿ ಚೆನ್ನಾಗಿ ಅಂಟಿಸಿದಳು, ಆದರೆ ‘ಗ’ ತೋರಿಸಿದರೆ ‘ಗಿಳಿ’ ಎನ್ನುತ್ತಾಳೆ ಅಂದಿದ್ದೀರಿ. ಮಗುವಿನ ತಪ್ಪಲ್ಲ. ಕೈಯಾಡಿದ್ದು ಚಿತ್ರದ ಮೇಲೆ, ಅಕ್ಷರದ ಮೇಲಲ್ಲ. ಮೇಲಾಗಿ ಗಿಳಿಯ ಮೊದಲ ಸದ್ದು ‘ಗಿ’. ಗುಣಿತಾಕ್ಷರ ಈಗಲೇ ಬೇಡ, ‘ಗರಿ’ ತೆಗೆದುಕೊಳ್ಳಿ.

ಡ್ರಾಯಿಂಗ್ ಶೀಟಿನಲ್ಲಿ ಸುಮಾರು 15 ಸೆಂ.ಮೀ. ಎತ್ತರದ ‘ಗ’ ಬರೆಯಿರಿ, ಗೆರೆಯ ಅಗಲ 2 ಸೆಂ.ಮೀ. ಇರಲಿ. ಹಾಳೆಯ ಕೆಳಗಡೆ ಕಂದು ಬಣ್ಣದ ಪಟ್ಟಿ ಎಳೆಯಿರಿ. ಅದು ನೆಲ. ಇಲ್ಲದಿದ್ದರೆ ಮಕ್ಕಳು ಹಾಳೆ ತಿರುಗಿಸಿಕೊಂಡು ‘ಗ’ ಅಕ್ಷರದ ಕಮಾನನ್ನು ಬಟ್ಟಲು ಮಾಡಿಬಿಡುತ್ತಾರೆ. ಕಮಾನಿನ ಎಡಗಾಲಿನ ಬುಡಕ್ಕೆ ಕೆಂಪು ಚುಕ್ಕಿ ಇಡಿ.

ಹಸಿರು ಕಾಗದವನ್ನು ಮಗುವೇ ಹರಿಯಲಿ, ಹೆಬ್ಬೆರಳಿನ ಉಗುರಿನಷ್ಟು ಚೂರುಗಳು. ಇವೇ ಗರಿಗಳು. ಚುಕ್ಕಿಯಿಂದ ಶುರುಮಾಡಿ ಮೇಲೇರಿ, ಬಾಗಿ, ಬಲಕ್ಕೆ ಇಳಿಯುತ್ತಾ ಒಂದೊಂದೇ ಗರಿ. ಪ್ರತಿ ಗರಿಗೂ ಬಾಯಲ್ಲಿ ‘ಗ’. ಬರೆಯುವ ದಾರಿಯೂ ಇದೇ. ತಲೆಕಟ್ಟು ಕೊನೆಗೆ, ಹಳದಿ ಬಣ್ಣದಲ್ಲಿ, ಕಮಾನಿಗೆ ತಾಗಿಸಿ. ಚೂರುಗಳು ಗೆರೆ ದಾಟಿ ಕಮಾನಿನ ಒಳಗೆ ತುಂಬಿದರೆ ಆಕಾರವೇ ಮಾಯ, ಆ ಖಾಲಿ ಜಾಗ ಉಳಿಯಲೇಬೇಕು.

ಅಂಟು ಚುಕ್ಕಿಯಷ್ಟು ಸಾಕು, ಇಯರ್‌ಬಡ್‌ನಿಂದ ಹಚ್ಚಿ. ಜಾಸ್ತಿಯಾದರೆ ಹಾಳೆ ಸುರುಳಿಯಾಗುತ್ತದೆ. ಒಣಗಿದ ಮೇಲೆ ಬೆರಳಾಡಿಸಲಿ.

ಮರುದಿನ ಬಣ್ಣವಿಲ್ಲದ ಚೀಟಿಗಳಲ್ಲಿ ರ, ಗ, ಸ ಬರೆದು ‘ಗ ಎಲ್ಲಿದೆ?’ ಅಂತ ಕೇಳಿ. (ಕರ್ನಾಟಕದ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿಯಲ್ಲೂ ಮೊದಲು ಬರುವುದು ರ, ಗ, ಸ, ದ, ಅ.) ‘ರ’ ಎತ್ತಿಕೊಟ್ಟರೆ ಗದರಬೇಡಿ, ಎರಡರ ಬುಡವನ್ನೂ ಮುಟ್ಟಿಸಿ: ಒಂದು ಮುಚ್ಚಿದೆ, ಇನ್ನೊಂದು ತೆರೆದಿದೆ.