ಗೆಳತಿ ಕೊಡಿಸಿದ ಕೆಲಸ, ಕೈಗೆ ಬಾರದ ದುಡ್ಡು

ಪ್ರಶ್ನೆ: ಮನೆಯಿಂದಲೇ ಕನ್ನಡ ಅನುವಾದ ಮಾಡುತ್ತೇನೆ. ಬೆಂಗಳೂರಿನ ಏಜೆನ್ಸಿಯೊಂದರಲ್ಲಿ ಕೋಆರ್ಡಿನೇಟರ್ ಆಗಿರುವ ಕಾಲೇಜು ಗೆಳತಿಯೇ ಕೆಲಸ ಕೊಡಿಸಿದ್ದು. ನಾಲ್ಕು ತಿಂಗಳಿಂದ 46,000 ರೂಪಾಯಿ ಬಾಕಿ. ಈಗ ಯಂತ್ರ ಮಾಡಿದ ಅನುವಾದ ತಿದ್ದಿಕೊಡಿ, ಪದಕ್ಕೆ ಅರ್ಧ ರೇಟು ಅಂತಿದ್ದಾರೆ. ಗಟ್ಟಿಯಾಗಿ ಕೇಳಿದರೆ ಕೆಲಸವೂ ಹೋಗುತ್ತೆ, ಗೆಳತಿಯೂ ದೂರವಾಗುತ್ತಾಳೆ. ಏನು ಮಾಡಲಿ?
– ಹೆಸರು ಬೇಡ, ಮೈಸೂರು

ಉತ್ತರ: ನಾಲ್ಕು ತಿಂಗಳು ಕಾದಿದ್ದೀರಿ. ಇನ್ನು ಸಂಕೋಚ ಸಾಕು. ನಿಮಗೆ ದುಡ್ಡು ಕೊಡಬೇಕಾದದ್ದು ಕಂಪನಿ. ಗೆಳತಿ ಅಲ್ಲಿ ಸಂಬಳಕ್ಕೆ ಇರುವವಳು, ಅಲ್ವಾ? ವಾಟ್ಸಾಪ್‌ನಲ್ಲಿ "ಪೇಮೆಂಟ್ ಏನಾಯ್ತು ಕಣೇ" ಅಂತ ಕೇಳುತ್ತಲೇ ಇದ್ದರೆ ಅವಳು ಮುಜುಗರ ಪಡುತ್ತಾಳೆ, ಕಂಪನಿಗೆ ಬಿಸಿಯೇ ತಟ್ಟುವುದಿಲ್ಲ. ಒಂದು ಫೋನ್ ಮಾಡಿ, "ನಿನ್ನ ಮೇಲೆ ಬೇಜಾರಿಲ್ಲ, ದುಡ್ಡಿನ ವಿಷಯ ಇನ್ಮೇಲೆ ಅಕೌಂಟ್ಸ್‌ನವರ ಹತ್ತಿರವೇ ಮಾತಾಡ್ತೀನಿ" ಎಂದುಬಿಡಿ. ಅವಳಿಗೂ ನಿರಾಳವಾಗುತ್ತೆ.

ಆಮೇಲೆ ಅಕೌಂಟ್ಸ್‌ಗೆ ಇಮೇಲ್ ಹಾಕಿ. ಯಾವ ಫೈಲ್, ಎಷ್ಟು ಪದ, ಒಪ್ಪಿದ ರೇಟು, ಕಳಿಸಿದ ದಿನ, ಬಿಲ್ ನಂಬರ್, ಎಲ್ಲವನ್ನೂ ಬರೆಯಿರಿ. ಯಾವ ತಾರೀಖಿನೊಳಗೆ ದುಡ್ಡು ಬರಬೇಕು ಅನ್ನುವುದನ್ನೂ ಸೇರಿಸಿ. ಆದಾಯ ತೆರಿಗೆ ಇಲಾಖೆಯಲ್ಲಿ ನಿಮ್ಮ ಹೆಸರಿಗೆ ಕಟ್ಟಿದ ತೆರಿಗೆಯ ಪಟ್ಟಿ, ಅಂದರೆ 26ಎಎಸ್ ಕೂಡ ನೋಡಿ. ಅವರು ನಿಮ್ಮ ಹೆಸರಲ್ಲಿ ಟಿಡಿಎಸ್ (ಬಿಲ್ ಮೊತ್ತದಿಂದ ಮೊದಲೇ ಮುರಿದುಕೊಳ್ಳುವ ತೆರಿಗೆ) ಕಟ್ಟಿದ್ದರೆ, ಬಿಲ್ ಅವರ ಲೆಕ್ಕಕ್ಕೆ ಸೇರಿದೆ ಅನ್ನಲು ಅದೇ ಒಳ್ಳೆ ಸಾಕ್ಷಿ.

ಮುಂದಿನ ಕೆಲಸಗಳಿಗೆ ರಕ್ಷಣೆ ಸಿಗಲು, ಇವತ್ತೇ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗಾಗಿ ಇರುವ ಸರ್ಕಾರಿ ನೋಂದಣಿ ಮಾಡಿಸಿ. ಮನೆಯಲ್ಲಿ ಕೂತು ಒಬ್ಬರೇ ಮಾಡುವ ಅನುವಾದವೂ ಅದರಲ್ಲಿ ಸೇವಾ ಉದ್ಯಮವೇ. ಆಧಾರ್, ಪ್ಯಾನ್ ಇದ್ದರೆ ಸಾಕು, ಸರ್ಕಾರದ ವೆಬ್‌ಸೈಟ್‌ನಲ್ಲಿ ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ. 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ ಇದ್ದರೂ 45 ದಿನಕ್ಕಿಂತ ಜಾಸ್ತಿ ಕಾಯಿಸುವ ಹಾಗಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬಡ್ಡಿ ದರದ (ಬ್ಯಾಂಕ್ ದರ) ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಇಂಥ ಬಾಕಿಗೆಂದೇ ಇರುವ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಗಡುವು ಮೀರಿದ ಇಂಥ ಬಾಕಿಯನ್ನು, ಕೊಡುವ ತನಕ, ಕಂಪನಿ ತನ್ನ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸುವಂತಿಲ್ಲ. ಅಕೌಂಟ್ಸ್‌ನವರಿಗೆ ಈ ಮಾತು ಬೇಗ ನಾಟುತ್ತೆ.

ಆದರೆ ನೋಂದಣಿಗೆ ಮುಂಚಿನ ಕೆಲಸಕ್ಕೆ ಈ ಕಾಯ್ದೆ ಸುಲಭವಾಗಿ ಒದಗುವುದಿಲ್ಲ. ಇಮೇಲ್‌ಗೆ ಜಗ್ಗದಿದ್ದರೆ ಆ 46,000ಕ್ಕೆ ವಕೀಲರ ನೋಟಿಸ್ ಕಳಿಸಿ. ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಮೂರು ವರ್ಷ ಸಮಯವಿದೆ. ಹಾಗಂತ ಸುಮ್ನೆ ಮುಂದೂಡಬೇಡಿ. ಹಳೆ ಬಾಕಿ ಬರುವ ತನಕ ಹೊಸ ಫೈಲ್ ಮುಟ್ಟಲೂಬೇಡಿ.

ಅರ್ಧ ರೇಟಿನ ವಿಷಯ. ಯಂತ್ರದ ಅನುವಾದದ ಒಂದು ಪುಟವನ್ನು ಗಡಿಯಾರ ಇಟ್ಟುಕೊಂಡು ತಿದ್ದಿ ನೋಡಿ. ಅಂಥದೇ ಇನ್ನೊಂದು ಪುಟವನ್ನು ಹೊಸದಾಗಿ ಅನುವಾದಿಸಿ. ಕೆಟ್ಟ ಅನುವಾದ ತಿದ್ದುವುದಕ್ಕೆ ಎಷ್ಟೋ ಸಲ ಜಾಸ್ತಿ ಹೊತ್ತು ಹಿಡಿಯುತ್ತೆ. ಹಾಗಾದರೆ ಪದದ ಲೆಕ್ಕ ಬಿಟ್ಟು ಗಂಟೆಯ ಲೆಕ್ಕದಲ್ಲಿ ರೇಟು ಕೇಳಿ. ಒಪ್ಪದಿದ್ದರೆ ಆ ಕೆಲಸ ಬೇಡ ಅನ್ನಿ. ಬೇರೆ ಏಜೆನ್ಸಿಗಳಿಗೆ ಈ ವಾರವೇ ಸ್ಯಾಂಪಲ್ ಕಳಿಸಲು ಶುರುಮಾಡಿ.