ಟ್ಯಾಂಕಿಗೆ ಇಳಿಯುವ ಮುಂಚೆ

ತಮ್ಮಾ, ಬಾಗಲಕೋಟೆಯಲ್ಲಿ ತೋಟಗಾರಿಕೆ ಓದಿ, ಫ್ರಾನ್ಸಿನ ಬೋರ್ಡೋ ಹತ್ತಿರದ ಸ್ಯಾಂತ್-ಎಮಿಲಿಯೋಂಗೆ ವೈನ್ ಕೆಲಸ ಕಲಿಯಲು ಹೊರಟಿದ್ದೀಯ ಅಂತ ತಿಳಿದು ಬಹಳ ಖುಷಿಯಾಯಿತು. ಸಂಬಳ ಸಾಕಾಗುತ್ತದಾ, ಊಟಕ್ಕೆ ಏನು ಮಾಡಲಿ, ಕುಡಿಯದವನು ಈ ಕೆಲಸ ಕಲಿಯಬಹುದಾ, ವೈನ್ ಮಾಡುವ ಜಾಗದಲ್ಲಿ ಏನೇನು ಮಾಡಿಸುತ್ತಾರೆ ಅಂತ ಕೇಳಿದ್ದೀಯ.

ಸಂಬಳ ಒಬ್ಬನಿಗೆ ಸಾಕು. ಜೋಳದ ಹಿಟ್ಟು ಕಟ್ಟಿಕೊಂಡು ಬಾ, ಉಳಿದದ್ದು ಬೋರ್ಡೋದಲ್ಲಿ ಸಿಗುತ್ತದೆ. ಕುಡಿಯುವ ಚಿಂತೆ ಬೇಡ. ಇಲ್ಲಿ ರುಚಿ ನೋಡುವವರು ಬಾಯಲ್ಲಿ ಆಡಿಸಿ ಉಗುಳುತ್ತಾರೆ. ಆದರೆ ಕೆಲವು ಕಡೆ ವೈನ್ ತಿಳಿ ಮಾಡಲು 225 ಲೀಟರಿನ ಒಂದು ಪೀಪಾಯಿಗೆ ಐದಾರು ಮೊಟ್ಟೆಯ ಬಿಳಿ ಹಾಕುತ್ತಾರೆ. ನೀನು ಮೊಟ್ಟೆ ಮುಟ್ಟದವನಾದರೆ ಮೊದಲೇ ಹೇಳಿಬಿಡು.

ದ್ರಾಕ್ಷಿ ತೋಟದ ಬಗ್ಗೆ ನಿನಗೆ ನಾನೇನು ಹೇಳುವುದು? ನಮ್ಮಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಎರಡು ಸಲ ಬಳ್ಳಿ ಕತ್ತರಿಸುವುದು, ಇಲ್ಲಿ ಚಳಿಗಾಲದಲ್ಲಿ ಒಂದೇ. ನಮ್ಮ ಕಡೆ ಅಕ್ಟೋಬರ್ ಚಾಟ್ನಿ ನಡೆಯುವ ಹೊತ್ತಿಗೆ ಇಲ್ಲಿ ಕೊಯ್ಲು ಇರುತ್ತದೆ. ಮೊದಲು ಮೆರ್ಲೋ ತಳಿಯ ದ್ರಾಕ್ಷಿ, ಆಮೇಲೆ ಕ್ಯಾಬರ್ನೆ ಫ್ರಾಂ ತಳಿಯದು. ದಸರೆಗೆ ಊರಿಗೆ ಹೋಗುವ ಆಸೆ ಬಿಟ್ಟುಬಿಡು. ಇಲ್ಲಿಗೆ ಬಂದ ಮೇಲೆ ನಾನು ಯಾರ ಕೈಗೂ ಬನ್ನಿ ಕೊಟ್ಟಿಲ್ಲ.

ಈಗ ಮುಖ್ಯ ಮಾತು. ಗೊಂಚಲಿನಿಂದ ಕಾಳು ಬಿಡಿಸಿ ಟ್ಯಾಂಕಿಗೆ ತುಂಬಿದ ಮೇಲೆ ರಸ ಹುಳಿಯಲು ಶುರುವಾಗುತ್ತದೆ. ಸಿಪ್ಪೆಯೆಲ್ಲ ಮೇಲೆ ತೇಲಿ ದಪ್ಪಗೆ ಕಟ್ಟಿಕೊಳ್ಳುತ್ತದೆ. ಕೆಂಪು ಬಣ್ಣ ಇರುವುದೇ ಆ ಸಿಪ್ಪೆಯಲ್ಲಿ. ಅದಕ್ಕೇ ಕೆಳಗಿನ ರಸವನ್ನು ಪಂಪಿನಿಂದ ಎತ್ತಿ ದಿನವೂ ಸಿಪ್ಪೆಯ ಮೇಲೆ ಸುರಿಯುತ್ತಾರೆ. ಎರಡು ಮೂರು ವಾರ ಕಳೆದ ಮೇಲೆ ವೈನ್ ಇಳಿಸುತ್ತಾರೆ. ತಳದಲ್ಲಿ ಉಳಿದ ಸಿಪ್ಪೆ, ಬೀಜವನ್ನು ಹಿಂಡಲು ಹೊರಗೆ ತೆಗೆಯಬೇಕು. ಸಲಿಕೆ ಹಿಡಿದು ಒಳಗೆ ಇಳಿಯುವ ಕೆಲಸ ಬರುವುದು ಹೊಸ ಹುಡುಗರಿಗೇ.

ನನ್ನ ಮೊದಲ ಕೊಯ್ಲಿನಲ್ಲಿ ಟ್ಯಾಂಕಿನ ಕೆಳಬಾಗಿಲು ತೆರೆದ ಕೂಡಲೇ ತಲೆ ಒಳಗೆ ಹಾಕಿದೆ. ಚುರುಕು ತೋರಿಸಬೇಕಿತ್ತು. ಮೂಗಿಗೆ ಸೋಡಾ ಹೊಡೆದಂತಾಯಿತು, ಮೊಣಕಾಲು ಕುಸಿಯಿತು. ಹಿಂದಿದ್ದ ಮುದುಕರೊಬ್ಬರು ಅಂಗಿ ಹಿಡಿದು ಎಳೆಯದಿದ್ದರೆ ಈ ಉತ್ತರ ಬರೆಯಲು ನಾನಿರುತ್ತಿರಲಿಲ್ಲ. ಒಂದು ಲೀಟರ್ ರಸ ಹುಳಿದರೆ 40 ಲೀಟರಿಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ನನಗೆ ಇವತ್ತಿಗೂ ನೋವಾಗುವುದು ಬೇರೆ ವಿಚಾರಕ್ಕೆ. ಇದು ನನಗೆ ಗೊತ್ತಿರದ ಸಂಗತಿಯಲ್ಲ. ನಮ್ಮನೆಯಲ್ಲಿ ಜೋಳದ ಹಗೇವು, ಅಂದರೆ ನೆಲದೊಳಗಿನ ಕಾಳಿನ ಗುಂಡಿ, ತೆಗೆದ ದಿನ ಅಜ್ಜ ಯಾರನ್ನೂ ಇಳಿಯಲು ಬಿಡುತ್ತಿರಲಿಲ್ಲ. ಬಾಯಿ ತೆರೆದಿಟ್ಟು, ಗಾಳಿ ಆಡಲು ಬಿಟ್ಟು, ಕಂದೀಲು ಇಳಿಬಿಟ್ಟು ನೋಡುತ್ತಿದ್ದ. ಹಗೇವಿನ ಮೇಲೆ ಬಗ್ಗಿ ನಿಂತು ಅದನ್ನು ನಾನೇ ಎಷ್ಟು ಸಲ ನೋಡಿದ್ದೇನೆ! ಹೊಳೆಯುವ ಸ್ಟೀಲ್ ಟ್ಯಾಂಕಿನ ಮುಂದೆ ಅದು ನೆನಪಿಗೇ ಬರಲಿಲ್ಲ. ಊರಿನದು ಇಲ್ಲಿ ಯಾತಕ್ಕೂ ಬಾರದು ಅಂದುಕೊಂಡೇ ವಿಮಾನ ಹತ್ತಿದ್ದೆ.

ಇಲ್ಲಿ ಕಂದೀಲು ಸಾಲದು. ಉರಿಯುವ ದೀಪ ಆರದಿದ್ದರೂ ಅಪಾಯ ಇರಬಹುದು. ಗಾಳಿ ಅಳೆಯುವ ಮೀಟರ್ ಎಲ್ಲಿದೆ ಅಂತ ಮೊದಲ ದಿನವೇ ಕೇಳು. ಫ್ರೆಂಚ್ ಬಾರದಿದ್ದರೆ ಕೈಸನ್ನೆಯಲ್ಲಿ ಕೇಳು. ಫ್ಯಾನ್ ಹಾಕಿ, ಅಳೆದು, ಹೊರಗೆ ಒಬ್ಬರು ನಿಂತ ಮೇಲೆಯೇ ಇಳಿ. ಒಳಗೆ ಯಾರಾದರೂ ಬಿದ್ದರೆ ಎತ್ತಲು ಇಳಿಯಬೇಡ, ಕೂಗಿ ಜನ ಸೇರಿಸು, ಅಗ್ನಿಶಾಮಕ ದಳದ ನಂಬರ್ 18ಕ್ಕೆ ಫೋನ್ ಮಾಡು.

ಬಂದ ಮೇಲೆ ತಿಳಿಸು, ಭಾನುವಾರ ನಮ್ಮನೆಗೆ ಊಟಕ್ಕೆ ಬಾ. ಜಾಗ ಉಳಿದರೆ ಗುರೆಳ್ಳು ಚಟ್ನಿಪುಡಿ ಒಂದು ಪೊಟ್ಟಣ ನನಗೂ ಇರಲಿ.