ಪಾಠದ ಪಿಡಿಎಫ್‌ಗಳನ್ನು ಸ್ಕ್ರೀನ್ ರೀಡರ್ (ತೆರೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ಸಾಫ್ಟ್‌ವೇರ್) ಓದುವಂತೆ ಮಾಡಲು ಯಾವ ಸಾಫ್ಟ್‌ವೇರ್ ಕೊಳ್ಳಬೇಕು?

ಯಾವುದನ್ನೂ ಕೊಳ್ಳಬೇಡಿ. ಕಣ್ಣು ಕಾಣದ ವಿದ್ಯಾರ್ಥಿ ಸೇರಿದ್ದಾರೆ, ಸೆಮಿಸ್ಟರ್ ಶುರುವಾಗಿದೆ, ರಾಶಿ ಪಿಡಿಎಫ್ ಇವೆ ಅಂತೀರಿ. ಸಂಖ್ಯಾಶಾಸ್ತ್ರದ ಪಾಠ ಹಿಡಿದುಕೊಂಡು ನಾನೂ ಅಲ್ಲೇ ನಿಂತಿದ್ದೆ.

ವರ್ಡ್‌ನಲ್ಲಿ ಎಲ್ಲ ನೆಟ್ಟಗೇ ಮಾಡಿದ್ದೆ. ಹೆಡಿಂಗ್ ಸ್ಟೈಲ್, ಕೋಷ್ಟಕಗಳಿಗೆ ಹೆಡರ್ ಸಾಲು, ಒಂದೊಂದು ಗ್ರಾಫಿಗೂ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರವನ್ನು ಮಾತಿನಲ್ಲಿ ಹೇಳುವ ವಿವರಣೆ. ಹಳೆಯ ಟಿಪ್ಪಣಿಗಳು ಆಸ್ಕಿ ಫಾಂಟಿನಲ್ಲಿದ್ದವು. ಕಣ್ಣಿಗೆ ಕನ್ನಡ, ಸ್ಕ್ರೀನ್ ರೀಡರ್‌ಗೆ ಕಲಸುಮೇಲೋಗರ. ಅವನ್ನೂ ಯೂನಿಕೋಡಿಗೆ ತಂದೆ. ಕೊನೆಗೆ ಕಂಟ್ರೋಲ್-ಪಿ ಒತ್ತಿ 'ಪ್ರಿಂಟ್ ಟು ಪಿಡಿಎಫ್' ಕೊಟ್ಟೆ.

ಅಲ್ಲಿಗೆ ಎಲ್ಲ ಮಣ್ಣುಪಾಲು. ಪ್ರಿಂಟ್ ಅಂದರೆ ಕಂಪ್ಯೂಟರಿಗೆ ಕಾಗದ ಅಂತ ಅರ್ಥ. ಮಸಿ ಎಲ್ಲಿ ಬೀಳಬೇಕು ಅನ್ನುವುದಷ್ಟೇ ಅದಕ್ಕೆ ಬೇಕು. ಇದು ಶೀರ್ಷಿಕೆ, ಇದು ಕೋಷ್ಟಕ, ಈ ಚಿತ್ರದ ವಿವರಣೆ ಇದು ಎಂದು ಹೇಳುವ ಟ್ಯಾಗ್‌ಗಳು ಆ ದಾರಿಯಲ್ಲಿ ಉದುರಿಹೋಗುತ್ತವೆ. 'ಸೇವ್ ಆ್ಯಸ್'ನಲ್ಲಿ ಪಿಡಿಎಫ್ ಆರಿಸಿ, ಆಪ್ಷನ್ಸ್ ಒಳಗೆ ಡಾಕ್ಯುಮೆಂಟ್ ಸ್ಟ್ರಕ್ಚರ್ ಟ್ಯಾಗ್ಸ್‌ಗೆ ಟಿಕ್ ಇದ್ದರೆ ಉಳಿಯುತ್ತವೆ. ಎರಡೂ ಫೈಲನ್ನು ಪಕ್ಕಪಕ್ಕ ತೆರೆದಿಟ್ಟರೂ ನೋಡುವವರಿಗೆ ವ್ಯತ್ಯಾಸವೇ ಕಾಣದು, ಹಾಗಾಗಿ ನನಗೆ ಸುಳಿವೂ ಸಿಗಲಿಲ್ಲ.

ಗೊತ್ತಾದದ್ದು ನನ್ನ ತರಗತಿಯ ಕಣ್ಣು ಕಾಣದ ಹುಡುಗಿ ನನ್ನೆದುರೇ ಫೈಲ್ ತೆರೆದಾಗ. ಮುಂದಿನ ಶೀರ್ಷಿಕೆಗೆ ಹಾರಲು ಎಚ್ ಕೀ ಒತ್ತಿದಳು. ಎನ್‌ವಿಡಿಎ ಅನ್ನುವ ಅವಳ ಸ್ಕ್ರೀನ್ ರೀಡರ್ 'ನೋ ನೆಕ್ಸ್ಟ್ ಹೆಡಿಂಗ್', ಮುಂದೆ ಶೀರ್ಷಿಕೆಯೇ ಇಲ್ಲ, ಅಂದಿತು. ಕೋಷ್ಟಕ ಬಂದಾಗ ಯಾವ ಕಾಲಮ್ಮಿನದೆಂದು ಹೇಳದೆ 12, 47, 9, 31 ಅಂತ ಒಂದೇ ಸಮನೆ ಒದರಿತು. "ಪರವಾಗಿಲ್ಲ ಸರ್, ಗೆಳತಿ ಓದಿ ಹೇಳ್ತಾಳೆ" ಅಂದಳು. ಆಂತರಿಕ ಪರೀಕ್ಷೆ ಅಷ್ಟರಲ್ಲಿ ಮುಗಿದಿತ್ತು.

ಅದಕ್ಕೇ ಹೇಳುವುದು, ಪಿಡಿಎಫ್ ರಿಪೇರಿಯ ಗೋಜಿಗೇ ಹೋಗಬೇಡಿ. ವರ್ಡ್ ಫೈಲನ್ನೇ ಕೊಡಿ, ಇಲ್ಲವೇ ಪಾಠವನ್ನು ವೆಬ್ ಪುಟವಾಗಿ ಹಾಕಿ. ಆಗ ದೃಷ್ಟಿ ಮಂದವಿರುವವರು ಅಕ್ಷರ ಹಿಗ್ಗಿಸಿಕೊಂಡರೂ ಸಾಲು ತೆರೆಯಾಚೆ ಓಡಿಹೋಗುವುದಿಲ್ಲ. 'ವರ್ಡ್ ಕೊಟ್ಟರೆ ತಿದ್ದಿಬಿಡ್ತಾರೆ' ಅನ್ನುವ ಸಹೋದ್ಯೋಗಿ ಒಬ್ಬರಾದರೂ ಇರುತ್ತಾರೆ. ತಿದ್ದಿಕೊಳ್ಳಲಿ ಬಿಡಿ, ಅವರ ಪ್ರತಿ ತಾನೇ! ಮೂಲ ಫೈಲೇ ಇಲ್ಲದ ಸ್ಕ್ಯಾನ್ ಪುಟಗಳಿಗೆ ಮಾತ್ರ ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಸಾಫ್ಟ್‌ವೇರ್) ಬೇಕು, ಆಮೇಲೆ ಒತ್ತಕ್ಷರಗಳನ್ನು ಯಾರಾದರೂ ಕೂತು ತಿದ್ದಲೇಬೇಕು.

ಫೈಲ್ ಎಲ್ಲರಿಗೂ ಓದಲು ಬರುತ್ತದೆಯೇ ಎಂದು ಪರೀಕ್ಷಿಸುವ ಚೆಕರ್‌ಗಳ ಹಸಿರು ಟಿಕ್ ನಂಬಿ ಕೂರಬೇಡಿ. ಆಲ್ಟ್ ಟೆಕ್ಸ್ಟ್ ಇದೆಯೇ ಅಂತ ನೋಡುತ್ತವೆ, ಅಷ್ಟೆ. 'ಚಿತ್ರ 3' ಎಂದು ಬರೆದಿಟ್ಟರೂ ಪಾಸಾಗಬಹುದು. ಗೆರೆ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ಬರೆಯಬೇಕಾದವರು ಪಾಠ ಮಾಡುವ ನೀವೇ. ಸ್ಲೈಡಿನ ತಿಳಿಬೂದು ಅಕ್ಷರಗಳನ್ನೂ ಕೈಬಿಡಿ, ವೆಬ್ ಎಲ್ಲರಿಗೂ ಬಳಸಲು ಬರುವಂತೆ ಮಾಡುವ ಮಾರ್ಗಸೂಚಿಯಾದ ಡಬ್ಲ್ಯೂಸಿಎಜಿಯ ಎಎ ಮಟ್ಟ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವೆ ಕನಿಷ್ಠ 4.5:1 ಕಾಂಟ್ರಾಸ್ಟ್ ಕೇಳುತ್ತದೆ.

ಎನ್‌ವಿಡಿಎ ಉಚಿತ. ಇವತ್ತೇ ಹಾಕಿಕೊಂಡು, ಮಾನಿಟರ್ ಆಫ್ ಮಾಡಿ, ಮೌಸ್ ಮುಟ್ಟದೆ ನಿಮ್ಮದೇ ಪಾಠದ ಎರಡನೇ ಕೋಷ್ಟಕ ಹುಡುಕಿ ನೋಡಿ. ಸಾಫ್ಟ್‌ವೇರಿಗೆಂದು ಎತ್ತಿಟ್ಟ ದುಡ್ಡನ್ನು ವಿಡಿಯೊಗಳ ಕ್ಯಾಪ್ಷನ್ ತಿದ್ದುವವರಿಗೆ ಕೊಡಿ.